ಅತ್ತೆಗೆ ಓದಿ ಹೇಳಿದ ಕತೆ

ಅತ್ತೆಗೆ ಕಣ್ಣಿನ ಪೊರೆ ತೆಗೆಸಿದ ಮೇಲೆ ಡಾಕ್ಟರು, ಸ್ವಲ್ಪ ದಿನ ಒಲೆಯ ಮುಂದೆ ನಿಲ್ಲಬಾರದು, ಟಿವಿ ನೋಡಬಾರದು ಎಂದಿದ್ದರು. ಟಿ.ಬಿ. ಡ್ಯಾಂನ ನಮ್ಮ ಕ್ವಾರ್ಟರ್ಸಿನಲ್ಲಿ ಮಧ್ಯಾಹ್ನ ನಾವಿಬ್ಬರೇ. ಕಪ್ಪು ಕನ್ನಡಕ ಹಾಕಿಕೊಂಡು ಕೂತು ಕೂತು ಅವರಿಗೆ ಬೇಸರ ಬಂದಿತ್ತು.

"ಯಾವಾಗ್ಲೂ ಏನೋ ಓದ್ತಿರ್ತಿಯಲ್ಲ, ಸ್ವಲ್ಪ ಜೋರಾಗಿ ಓದು. ನಾನೂ ಕೇಳ್ತೀನಿ" ಎಂದರು.

ನಾನು ಹಿಂಜರಿದೆ. ಅವರು ಮಡಿ, ಏಕಾದಶಿ, ದಾಸರ ಪದಗಳ ನಡುವೆ ಬದುಕಿದವರು. ನನ್ನ ಕೈಯಲ್ಲಿದ್ದದ್ದು ಹೆಂಗಸರೇ ಬರೆದ ಕತೆಗಳ ಪುಸ್ತಕ. ಮದುವೆಯಾದಾಗಿನಿಂದ ಅಂಥವನ್ನು ನನ್ನ ಪಾಡಿಗೆ ನಾನು ಓದಿಕೊಳ್ಳುತ್ತಿದ್ದೆನೇ ಹೊರತು ಮನೆಯಲ್ಲಿ ಯಾರೊಂದಿಗೂ ಮಾತಾಡಿದವಳಲ್ಲ. ಆದರೂ ಓದಿದೆ. ಒಬ್ಬ ಸೊಸೆ ಬೆಳಗಿನ ಕೆಲಸ ಮುಗಿಸಿ, ಚಪ್ಪಲಿ ಮೆಟ್ಟಿ, ಯಾರಿಗೂ ಹೇಳದೆ ಮನೆ ಬಿಟ್ಟು ಹೋಗುವ ಕತೆ. ಅವಳು ಬಾಗಿಲು ದಾಟುವಲ್ಲಿಗೆ ಮುಗಿಯುತ್ತದೆ.

"ಮುಂದ?" ಎಂದರು ಅತ್ತೆ.

"ಅಷ್ಟ ಅತ್ತಿ. ಮುಗೀತು."

"ಹೆಂಗ ಮುಗೀತದ? ಆಕಿ ಎಲ್ಲಿಗೆ ಹೋದ್ಲು? ಯಾರು ಒಂದು ತುತ್ತು ಅನ್ನ ಹಾಕಿದ್ರು?"

ಓದುಗರೇ ಊಹಿಸಿಕೊಳ್ಳಲಿ ಎಂದು ಲೇಖಕಿ ಬಿಟ್ಟಿರಬೇಕು ಎಂದೆ. ಅವರಿಗೆ ಸಮಾಧಾನವಾಗಲಿಲ್ಲ. "ನಾ ಸಂಡೂರಿಗೆ ಹೋಗಿದ್ದೆ" ಎಂದರು.

ಆಗ ಅವರದು ಕಂಪ್ಲಿಯ ತುಂಬಿದ ಮನೆ. ಹೊಸ ಸೊಸೆಯಾಗಿದ್ದ ಅವರು ಪಕ್ಕದ ಮನೆಯಿಂದ ವಾರಪತ್ರಿಕೆ ತಂದು ಒಬ್ಬ ಲೇಖಕಿಯ ಧಾರಾವಾಹಿ ಓದುತ್ತಿದ್ದರಂತೆ. ಒಂದು ದಿನ ಅವರ ಅತ್ತೆ ಅದನ್ನು ಕೈಯಿಂದ ಕಿತ್ತು ಬಚ್ಚಲ ಒಲೆಗೆ ಹಾಕಿದರು. ಇವರು ಉಟ್ಟ ಸೀರೆಯಲ್ಲೇ ಹೊಸಪೇಟೆ ಬಸ್ಸು ಹತ್ತಿ, ಅಲ್ಲಿಂದ ಸಂಡೂರಿನ ಅಕ್ಕನ ಮನೆಗೆ ಹೋದರು. ಕೆಲವು ದಿನಗಳ ಮೇಲೆ ನನ್ನ ಮಾವ ಕರೆಯಲು ಬಂದಾಗ ಒಂದೇ ಮಾತು ಹೇಳಿದರಂತೆ: "ಬರ್ತೀನಿ. ಆದ್ರ ವಾರಾ ವಾರಾ ಪುಸ್ತಕ ಮನಿಗೆ ಬರಬೇಕು." ಮಾವ ತಂದುಕೊಟ್ಟರು. ಮಕ್ಕಳಾಗುವ ತನಕ ತರುತ್ತಲೇ ಇದ್ದರು. ಅಕ್ಕನ ಬಾಣಂತನಕ್ಕೆ ಹೋಗಿದ್ದಳು ಎಂದು ಮನೆಯವರು ಊರಿಗೆ ಹೇಳಿದ್ದನ್ನೇ ನನ್ನ ಗಂಡನೂ ಇಂದಿಗೂ ನಂಬಿದ್ದಾರೆ.

ಕಣ್ಣು ವಾಸಿಯಾದ ಮೇಲೆ ಅತ್ತೆ ತಮ್ಮ ಅಕ್ಕನನ್ನು ನೋಡಬೇಕೆಂದರು. ಅದಿರಿನ ಲಾರಿಗಳ ಹಿಂದೆ ತೆವಳುವ ಬಸ್ಸಿನಲ್ಲಿ ಇಬ್ಬರೂ ಸಂಡೂರಿಗೆ ಹೋದೆವು. ಅಲ್ಲಿ ಊಟವಾದ ಮೇಲೆ ಅತ್ತೆ ಆ ಕತೆಯನ್ನೇ ಓದಿಸಿದರು.

ಅಕ್ಕ ಹೂಬತ್ತಿ ಹೊಸೆಯುತ್ತ ಕೇಳಿದರು. ಓದಿ ಮುಗಿಸಿದಾಗ, "ಹೊಂಟಾಕಿ ಕತಿ ಬರದಾರ. ಬಾಗಿಲು ತಗದಾಕಿ ಕತಿ ಯಾರು ಬರೀತಾರ?" ಎಂದರು.

ಅತ್ತೆ ಮುಖ ಎತ್ತಿದರು. "ಯಾಕ ಅಕ್ಕಾ?"

"ನಿನ್ನ ಇಟ್ಕೊಂಡೆ ಅಂತ ನಿಮ್ಮ ಭಾವ ನನ್ನ ಜೋಡಿ ಭಾಳ ದಿನ ಮಾತಾಡಲಿಲ್ಲ. ತಂಗಿನ್ನ ಕಳಸು, ಇಲ್ಲಾ ನೀನೂ ಆಕಿ ಜೋಡಿ ಹೋಗು ಅಂದ್ರು. ನಿನ್ನ ಮುಂದ ನಕ್ಕೋತ ಇರ್ತಿದ್ದೆ."

"ನನಗ ಹೇಳಲಿಲ್ಲಲ್ಲ."

"ಹೇಳಿದ್ರ ನೀ ಮರುದಿನಾನ ತಿರುಗಿ ಹೋಗ್ತಿದ್ದಿ. ಪುಸ್ತಕ ಬೇಕಂತ ಕೇಳ್ತಿದ್ದಿಲ್ಲ."

ಅತ್ತೆ ಅಕ್ಕನ ಮುಂದಿದ್ದ ಅರಳೆಯನ್ನು ತಮ್ಮ ಕಡೆ ಎಳೆದುಕೊಂಡು ತಾವೂ ಬತ್ತಿ ಹೊಸೆಯತೊಡಗಿದರು.

ಇಷ್ಟು ವರ್ಷ ಹೊಸ್ತಿಲು ದಾಟಿದವಳ ಧೈರ್ಯವನ್ನೇ ಮೆಚ್ಚಿಕೊಂಡು ಓದಿದವಳು ನಾನು. ಅವಳು ತಟ್ಟುವ ಇನ್ನೊಂದು ಬಾಗಿಲ ಹಿಂದೆಯೂ ಒಬ್ಬ ಹೆಂಗಸಿದ್ದಾಳೆ, ಅವಳೂ ಯಾರದೋ ಮನೆಯಲ್ಲೇ ಇದ್ದಾಳೆ ಎಂಬುದು ಹೊಳೆದಿರಲಿಲ್ಲ. ಈಗ ಯಾವ ಕತೆ ಹಿಡಿದರೂ ಆ ಎರಡನೆಯವಳನ್ನು ಹುಡುಕುತ್ತೇನೆ. ಬಹಳ ಸಲ ಅವಳಿಗೆ ಒಂದು ಸಾಲು ಕೂಡ ಇರುವುದಿಲ್ಲ.

ಅಕ್ಕ ಈಗ ಆಗಾಗ ನಮ್ಮಲ್ಲಿ ಬಂದು ಇರುತ್ತಾರೆ. ಮಧ್ಯಾಹ್ನ ನಾನು ಓದುತ್ತೇನೆ. ಅಕ್ಕತಂಗಿಯರಿಗೆ ಒಂದು ಕತೆಯ ಬಗ್ಗೆಯೂ ಒಮ್ಮತವಿಲ್ಲ. ಚಹಾ ಆರಿಹೋಗುವವರೆಗೆ ಜಗಳ ನಡೆದಿರುತ್ತದೆ.