ಹುಷಾರಾಗುವ ತನಕ
ದುರ್ಗಾಂಬಿಕಾ ಚನ್ನಗಿರಿಯಲ್ಲಿ ಆರೋಗ್ಯ ವಿಮೆಯವರು ನೇಮಿಸಿರುವ ನರ್ಸು. ಆಪರೇಷನ್ ಮುಗಿಸಿ ಮನೆಗೆ ಹೋದವರನ್ನು ಫೋನಿನಲ್ಲಿ ವಿಚಾರಿಸುವುದೇ ಅವಳ ಕೆಲಸ. "ಗಾಯ ಕೆಂಪಗೈತೇನ್ರಿ? ಹಳೇ ಡಾಕ್ಟ್ರ ಮಾತ್ರೆ, ಹೊಸ ಡಾಕ್ಟ್ರ ಮಾತ್ರೆ ಎರಡೂ ಒಟ್ಟಿಗೆ ನುಂಗ್ತಿಲ್ಲ ತಾನೆ?" ಎಂದು ಶುರುಮಾಡಿದರೆ ಮುಗಿಯುವ ಮಾತೇ ಇಲ್ಲ. ಬಚ್ಚಲು ಹಸಿಯಾಗಿದೆ ಎಂದು ಗೊತ್ತಾದರೆ, ಮನೆಯವರು ಅದನ್ನು ಒರೆಸಿ ಬರುವವರೆಗೂ ಫೋನ್ ಇಡುವುದಿಲ್ಲ. ಬಸವಾಪಟ್ಟಣದ ಪೈಲ್ವಾನರೊಬ್ಬರು ಅವಳಿಗೆ ಹೆದರಿ ಪಥ್ಯ ಮಾಡಿದ್ದುಂಟು. ಜಗಳೂರಿನ ಬೊಮ್ಮಕ್ಕ ಎಂಬ ಮುದುಕಿ ಒಂದು ದಿನ, "ಏನಿಲ್ಲವ್ವ, ಸೊಲ್ಪ ಚಳಿ ಬಂದಂಗೈತೆ" ಎಂದದ್ದೇ ತಡ, ದುರ್ಗಾಂಬಿಕಾ ಹಟ ಹಿಡಿದು ಅವತ್ತೇ ಆಸ್ಪತ್ರೆಗೆ ಕರೆಸಿದಳು. ಹೊಲಿಗೆಯ ಒಳಗೆ ಕೀವು ತುಂಬಿತ್ತು. ಹೊತ್ತಿಗೆ ಸರಿಯಾಗಿ ತೆಗೆದದ್ದರಿಂದ ಮುದುಕಿ ಉಳಿದಳು. ದುರ್ಗಾಂಬಿಕಾ ದೂರದೂರಿನಲ್ಲಿ ನರ್ಸಿಂಗ್ ಓದುತ್ತಿದ್ದಾಗ, ಇವಳ ತಾಯಿ ಇಂಥದೇ ಚಳಿಜ್ವರದಲ್ಲಿ, ಹೆಂಗಿದ್ದೀಯಾ ಎಂದು ಕೇಳುವವರಿಲ್ಲದೆ ಹೋಗಿಬಿಟ್ಟಿದ್ದರು. ಬೊಮ್ಮಕ್ಕನ ಗಾಯ ಪೂರ್ತಿ ಮಾಯ್ದ ಮೇಲೆ ದುರ್ಗಾಂಬಿಕಾ, "ನೀವಿನ್ನು ಹುಷಾರಾದ್ರಿ, ಇದೇ ಕಡೇ ಫೋನು" ಎಂದಳು. "ಹುಷಾರಾದೋರ್ನ ಮಾತಾಡ್ಸಂಗಿಲ್ಲೇನೇ, ಮಗಳೇ?" ಎಂದಳು ಮುದುಕಿ. ದುರ್ಗಾಂಬಿಕಾಳನ್ನು ಯಾರಾದರೂ ಹಾಗೆ ಕರೆದು ಎಷ್ಟೋ ವರ್ಷವಾಗಿತ್ತು. "ಸರಿಯಾಗಿ ಕೇಳಿಸ್ಲಿಲ್ಲವ್ವ," ಎಂದಳು ದುರ್ಗಾಂಬಿಕಾ, "ಇನ್ನೊಂದ್ಸಲ ಅನ್ನಿ."