ನಿಲುವಂಗಿಯ ಮೂವತ್ತಮೂರು ಗುಂಡಿಗಳು

ಮೊನ್ನೆ ಮೊಮ್ಮಗಳ ಯೂನಿಫಾರ್ಮಿನ ಗುಂಡಿಯೊಂದು ಕಿತ್ತುಹೋಯಿತು. ಅದಕ್ಕೆ ಹೊಂದುವ ಇನ್ನೊಂದನ್ನು ಹುಡುಕೋಣವೆಂದು ಕಪಾಟಿನ ಮೇಲಿನ ಹಳೆಯ ಬಿಸ್ಕತ್ತಿನ ಡಬ್ಬಿ ಇಳಿಸಿ ಮುಚ್ಚಳ ತೆಗೆದೆ. ಹೊಲಿಗೆ ಯಂತ್ರದ ಎಣ್ಣೆಯ ವಾಸನೆ! ಇಷ್ಟು ವರ್ಷಗಳಾದರೂ ಹೋಗಿಲ್ಲ ನೋಡಿ. ಅದೇ ಕಪಾಟಿನಲ್ಲಿ ಮೆಡಿಕಲ್ ಶಾಪಿನ ಕಂದು ಕವರೊಂದು ಮೂರು ದಿನಗಳಿಂದ ಬಿಚ್ಚದೆ ಬಿದ್ದಿತ್ತು. ಅದರೊಳಗಿನ ಮಾತ್ರೆ ನನ್ನದು. ನನ್ನ ಬಲಗೈಯ ಹೆಬ್ಬೆರಳು ಕಳೆದ ವರ್ಷದಿಂದ ನನ್ನನ್ನು ಕೇಳದೆ ತಾನೇ ಜಪಮಾಲೆ ಎಣಿಸತೊಡಗಿದೆ. ಡಾಕ್ಟರು ‘ಪಾರ್ಕಿನ್‌ಸನ್ಸ್’ ಎಂದಾಗ ನಾನು ಹೆದರಿದ್ದು ಕಾಯಿಲೆಗಲ್ಲ, ಅದು ನಮ್ಮ ಮನೆಗೆ ಹಳೆಯ ನೆಂಟ. ಹೆದರಿದ್ದು ಮಾತ್ರೆಗೆ. ಯಾಕೆಂದು ತಿಳಿಯಬೇಕಾದರೆ ನೀವು ಪಪ್ಪನ ಕಥೆ ಕೇಳಬೇಕು. ಕುಳಿತುಕೊಳ್ಳಿ, ಲಾಂಗ್ ಸ್ಟೋರಿ ಏನಲ್ಲ.

ಪಪ್ಪ ಕಾಪು ಪೇಟೆಯಲ್ಲಿ ಟೈಲರ್. ಮದುವೆಯ ಕೋಟು, ಪಾದ್ರಿಗಳ ನಿಲುವಂಗಿ ಎಂದರೆ ಇನ್ನಂಜೆಯಿಂದಲೂ ಜನ ಅವರನ್ನೇ ಹುಡುಕಿಕೊಂಡು ಬರುತ್ತಿದ್ದರು. ಬಟ್ಟೆಯ ಒಳಮೈಯನ್ನೂ ಹೊರಮೈಯಷ್ಟೇ ಚಂದ ಹೊಲಿಯುವ ಮನುಷ್ಯ. ಮಗಳಾದ ನನಗೆ ಮಾತ್ರ ಆ ಕೈ ಬರಲಿಲ್ಲ. ಕಾನ್ವೆಂಟಿನ ಸಿಸ್ಟರ್ ನನ್ನ ಇಂಗ್ಲಿಷ್ ಕಾಂಪೊಸಿಷನ್ನಿಗೆ ‘ಗುಡ್’ ಬರೆದ ಪೆನ್ಸಿಲಿನಲ್ಲೇ ನಾನು ಬಟ್ಟೆಯಂಚಿಗೆ ಹಾಕಿದ ಹೆಮ್ಮಿಂಗ್ ತೋರಿಸಿ, “ಟೈಲರನ ಮಗಳಾ ನೀನು?” ಎಂದು ಕೇಳಿದ್ದುಂಟು.

ವಯಸ್ಸು ಐವತ್ತೈದರ ಸುಮಾರಿಗೆ ಪಪ್ಪನ ಕೈ ನಡುಗತೊಡಗಿತು. ಮೊದಲು ಸೂಜಿಗೆ ನೂಲು ಹೋಗಲಿಲ್ಲ, ಆಮೇಲೆ ಅಂಗಡಿಯೇ ಮುಚ್ಚಿತು. ಎಪ್ಪತ್ತರ ದಶಕದ ಕೊನೆಯಲ್ಲಿ ಮಣಿಪಾಲದ ಡಾಕ್ಟರೊಬ್ಬರು ದಿನಕ್ಕೆ ಮೂರು ಹೊತ್ತು ನುಂಗುವ ಮಾತ್ರೆ ಕೊಡುವಷ್ಟರಲ್ಲಿ ಪಪ್ಪ ಕುರ್ಚಿಯಲ್ಲಿ ಇಟ್ಟ ಗೊಂಬೆಯಾಗಿದ್ದರು. ನಾನಾಗ ಉಡುಪಿಯಲ್ಲಿ ಟೀಚರ್, ಶನಿವಾರ ಬಸ್ಸಿನಲ್ಲಿ ಮನೆಗೆ ಬರುವವಳು. ಮಾತ್ರೆ ಶುರುವಾದ ಮೇಲೆ ಒಂದು ಶನಿವಾರ ಬಂದು ನೋಡಿದರೆ ಪಪ್ಪ ಗೇಟಿನ ತನಕ ನಡೆದು ಬಂದು ನನ್ನ ಬ್ಯಾಗಿಗೆ ಕೈಯೊಡ್ಡಿ ನಿಂತಿದ್ದಾರೆ! ಮಾಯ್, ಅಂದರೆ ನನ್ನ ಅಮ್ಮ, ಇಗರ್ಜಿಯಲ್ಲಿ ಆಳೆತ್ತರದ ಮೇಣದಬತ್ತಿ ಹಚ್ಚಿದರು.

ಅದಾದ ಮೇಲೆ ಶುರುವಾಯಿತು ಗುಂಡಿಯ ಕಾಲ. ಪಪ್ಪ ತಮ್ಮ ಅಂಗಿಗಳ ಗುಂಡಿಗಳನ್ನೆಲ್ಲ ಬಿಚ್ಚಿ ಮತ್ತೆ ಹೊಲಿದರು. ಆಮೇಲೆ ತಲೆದಿಂಬು, ಕಿಟಕಿಯ ಪರದೆ. ಕೊನೆಗೆ ಬೆಳಗಿನಿಂದ ಸಂಜೆಯ ತನಕ ಕಿಟಕಿಯ ಬುಡದಲ್ಲಿ ಕುಳಿತು ಡಬ್ಬಿಯ ಗುಂಡಿಗಳನ್ನು ಬಣ್ಣದ ಪ್ರಕಾರ, ತೂತಿನ ಪ್ರಕಾರ ಸಾಲಾಗಿಡುವುದು, ಎಲ್ಲ ಕಲಸುವುದು, ಮತ್ತೆ ಸಾಲಾಗಿಡುವುದು. ಊಟಕ್ಕೆ ಕರೆದರೆ ಏಳುವುದಿಲ್ಲ. ಕೈ ಹಿಡಿದರೆ, ಎಂದೂ ಗಟ್ಟಿಯಾಗಿ ಮಾತಾಡದವರಿಗೆ ಸಿಟ್ಟು.

“ಎಂತ ಮಾಡ್ತಿದ್ದೀರಿ ನೀವು?” ಎಂದರು ಮಾಯ್.

“ಸರಿ ಮಾಡ್ತಿದ್ದೇನೆ.”

“ಸರಿ ಇದ್ದದ್ದನ್ನು ಎಂತ ಸರಿ ಮಾಡುವುದು?”

“ನಿನಗೆ ಗೊತ್ತಾಗುವುದಿಲ್ಲ.”

ಆ ಹೊತ್ತಿಗೇ ನಮ್ಮ ಫಾದರ್ ತಮ್ಮ ಬಿಳಿ ನಿಲುವಂಗಿಯ ಅಂಚು ಸ್ವಲ್ಪ ಹರಿದಿದೆಯೆಂದು ಹಳೆಯ ವಿಶ್ವಾಸದಲ್ಲಿ ಪಪ್ಪನಿಗೆ ಕೊಟ್ಟರು. ಭಾನುವಾರ ಬಿಷಪರು ಬರುವವರಿದ್ದರು. ಆ ನಿಲುವಂಗಿಗೆ ಕುತ್ತಿಗೆಯಿಂದ ಪಾದದ ತನಕ ಮೂವತ್ತಮೂರು ಗುಂಡಿ, ಯೇಸುಸ್ವಾಮಿ ಭೂಮಿಯ ಮೇಲೆ ಬದುಕಿದ ವರ್ಷಕ್ಕೊಂದರಂತೆ. ಶನಿವಾರ ಮಧ್ಯಾಹ್ನ ಫಾದರ್ ಬಂದಾಗ ಹರಿದ ಅಂಚು ಹಾಗೆಯೇ ಇತ್ತು. ಮೂವತ್ತಮೂರು ಗುಂಡಿಗಳೂ ಮೇಜಿನ ಮೇಲೆ ಸಾಲಾಗಿ ಕುಳಿತಿದ್ದವು.

“ನಾಳೆ ಬಿಷಪರ ಮುಂದೆ ನಾನು ಲುಂಗಿಯಲ್ಲಿ ನಿಲ್ಲುವುದಾ ಟೈಲರೇ?”

“ಒಂದೊಂದೂ ಸ್ವಲ್ಪ ವಾರೆ ಇತ್ತು ಫಾದರ್,” ಎಂದರು ಪಪ್ಪ, ತಲೆ ಎತ್ತದೆ.

ಫಾದರ್ ನಕ್ಕರು, ಮಾಯ್ ನಗಲಿಲ್ಲ. ಸಂಜೆಯ ಗಂಟೆ ಹೊಡೆಯುವುದರೊಳಗೆ ಮಾಯ್ ಮತ್ತು ನಾನು ಕುಳಿತು ಗುಂಡಿ ಹೊಲಿದೆವು. ನಾನು ಹೊಲಿದದ್ದರಲ್ಲಿ ಒಂದು ಮರುದಿನ ಬಿಷಪರ ಪ್ರವಚನದ ನಡುವೆಯೇ ಉದುರಿತು, ಆ ಮಾತು ಬಿಡಿ. ಆದರೆ ಮಾಯ್‌ಗೆ ಇದು ಕಾಯಿಲೆಯೆಂದು ಹೊಳೆಯಲೇ ಇಲ್ಲ. ಬಿಡಲಾಗದ ಚಟವೆಂದರೆ ಅವರ ಲೆಕ್ಕದಲ್ಲಿ ಪಾಪ, ಪಾಪಕ್ಕೆ ಮದ್ದು ಪಾಪನಿವೇದನೆ. ಮುಂದಿನ ಶನಿವಾರ ಪಪ್ಪನನ್ನು ಫಾದರ್ ಹತ್ತಿರ ಮೊಣಕಾಲೂರಲು ಕಳುಹಿಸಿಯೇಬಿಟ್ಟರು. ಹೊರಗೆ ಬಂದ ಪಪ್ಪನ ಕಣ್ಣು ಒದ್ದೆಯಾಗಿತ್ತು.

“ಬಾಯೇ,” ಎಂದರು. ನಮ್ಮಲ್ಲಿ ಮುದ್ದಿನ ಹೆಣ್ಣುಮಕ್ಕಳನ್ನು ಹಾಗೆ ಕರೆಯುವುದು. “ಪಾಪ ಮಾಡಿದೆ ಅಂತ ಹೇಳಲಿಕ್ಕೆ ನನಗೆ ಬಾಯಿ ಬರಲಿಲ್ಲ. ಕೈ ಮಾಡ್ತಾ ಇರ್ತದೆ. ನಾನು ನೋಡ್ತಾ ಕೂತಿರ್ತೇನೆ.”

ಅಷ್ಟು ಕೇಳಿಯೂ ನಾನು ಮಾಡಿದ್ದೇನು ಗೊತ್ತೇ? ಇಂಗ್ಲಿಷ್ ಓದಿದವಳಲ್ಲವೇ, ಯಾರನ್ನೂ ಕೇಳದೆ ನಾನೇ ಡಾಕ್ಟರಾದೆ. ಮಾತ್ರೆ ಬಂದ ಮೇಲೆಯೇ ಈ ಹುಚ್ಚು ಬಂದದ್ದೆಂದು ಲೆಕ್ಕ ಹಾಕಿ, ಪಪ್ಪನ ಕತ್ತರಿಯಿಂದಲೇ ಒಂದು ವಾರದ ಮಾತ್ರೆಗಳನ್ನೆಲ್ಲ ಅರ್ಧರ್ಧ ಮಾಡಿ ಸೀಸೆಗೆ ತುಂಬಿಸಿ ಉಡುಪಿಗೆ ಹೋದೆ. ಮುಂದಿನ ಭಾನುವಾರ ಪೂಜೆ ಮುಗಿಸಿ ಹೊರಡುವಾಗ ಪಪ್ಪ ಇಗರ್ಜಿಯ ಹೊಸ್ತಿಲಲ್ಲಿ ನಿಂತುಬಿಟ್ಟರು. ಕಾಲು ನೆಲಕ್ಕೆ ಅಂಟಿಕೊಂಡ ಹಾಗೆ. ಅವರ ಬೆನ್ನ ಹಿಂದೆ ಹೊರಬರಲು ಇಡೀ ಊರು ಕಾಯುತ್ತಿತ್ತು. ಗುಂಡಿಯ ಹುಚ್ಚು ಕಡಿಮೆಯಾಗಿತ್ತು, ನಿಜ. ಆದರೆ ಅದರ ಜೊತೆ ಪಪ್ಪನೂ ಕಡಿಮೆಯಾಗಿದ್ದರು. ಮೊಣಕಾಲೂರಬೇಕಾದವಳು ನಾನು.

ಮರುದಿನವೇ ರಜೆ ಹಾಕಿ ಪಪ್ಪನನ್ನು ಮಣಿಪಾಲಕ್ಕೆ ಕರೆದುಕೊಂಡು ಹೋಗಿ ಡಾಕ್ಟರಿಗೆ ಎಲ್ಲವನ್ನೂ ಹೇಳಿದೆ. ಗುಂಡಿ, ನಿಲುವಂಗಿ, ಕತ್ತರಿ. ಅವರು ಪೆನ್ನು ಕೆಳಗಿಟ್ಟರು.

“ಮೊದಲೇ ಯಾಕೆ ಹೇಳಲಿಲ್ಲ ಟೀಚರೇ?”

“ನಾಚಿಕೆ ಆಯ್ತು ಡಾಕ್ಟ್ರೇ.”

“ಕಾರ್ಕಳದಿಂದ ಒಬ್ಬರು ಬರ್ತಾರೆ, ಮನೆಯ ರೇಡಿಯೋ ಬಿಚ್ಚಿ ಬಿಚ್ಚಿ ಇಡ್ತಾರೆ. ಅವರ ಹೆಂಡತಿಯೂ ಆರು ತಿಂಗಳು ಬಾಯಿ ಬಿಡಲಿಲ್ಲ. ಪುಸ್ತಕದಲ್ಲಿ ಇದರ ಬಗ್ಗೆ ಹೆಚ್ಚು ಇಲ್ಲ. ನೀವು ಹೇಳದಿದ್ದರೆ ನಮಗೆ ಹೇಗೆ ಗೊತ್ತಾಗಬೇಕು?” ಆಮೇಲೆ ಪಪ್ಪನ ಕಡೆಗೆ ತಿರುಗಿ, “ಇದು ನಿಮ್ಮ ಬುದ್ಧಿ ಅಲ್ಲ, ಮಾತ್ರೆಯದ್ದು. ನಿಮ್ಮ ತಪ್ಪು ಎಂತದ್ದೂ ಇಲ್ಲ,” ಎಂದರು.

ಪಪ್ಪ ಅಂಗಿಯ ಕಾಲರ್ ಸರಿಮಾಡಿಕೊಂಡರು. ಅಂಗಡಿಗೆ ಗಿರಾಕಿ ಬಂದಾಗ ಹಾಗೆ ಮಾಡುತ್ತಿದ್ದರು.

ಡಾಕ್ಟರು ಮಾತ್ರೆಯ ಪ್ರಮಾಣವನ್ನು ವಾರವಾರಕ್ಕೆ ನೋಡಿ ಸ್ವಲ್ಪಸ್ವಲ್ಪವೇ ಬದಲಿಸಿದರು. ಗುಂಡಿ ಪೂರ್ತಿ ಬಿಟ್ಟುಹೋಗಲಿಲ್ಲ, ಆದರೆ ಊಟಕ್ಕೆ ಕರೆದರೆ ಪಪ್ಪ ಏಳುತ್ತಿದ್ದರು, ನಡೆಯುತ್ತಿದ್ದರು. ಮಧ್ಯಾಹ್ನ ಮಾಯ್ ತಾವೇ ಡಬ್ಬಿ ತಂದಿಟ್ಟು ಎದುರು ಕುಳಿತುಕೊಳ್ಳುತ್ತಿದ್ದರು. ಕರಿಯದ್ದು ಪಪ್ಪನಿಗೆ, ಬಿಳಿಯದ್ದು ಮಾಯ್‌ಗೆ. ಹಾಗೆ ಎಷ್ಟೋ ವರ್ಷ.

“ಮಮ್ಮಿ, ಒಂದು ಬಟನ್ ಹುಡುಕಲಿಕ್ಕೆ ಒಂದು ಗಂಟೆಯಾ?”

ಬಾಗಿಲಲ್ಲಿ ಸೊಸೆ ಲವೀನಾ. ಮೇಜು ನೋಡಿಕೊಂಡೆ. ಬಿಳಿ ಒಂದು ಸಾಲು, ಕಪ್ಪು ಒಂದು ಸಾಲು. ಎರಡು ತೂತಿನವು ಬೇರೆ, ನಾಲ್ಕು ತೂತಿನವು ಬೇರೆ.

“ಮಾತ್ರೆ ಇನ್ನೂ ಮುಟ್ಟಿಯೇ ಇಲ್ಲ ಮಾರಾಯ್ತಿ,” ಎಂದೆ. “ಇದು ಬರೀ ಪಪ್ಪನ ಬಳುವಳಿ.”

ನಿಮಗೆ ಹೇಳಿದ್ದನ್ನೆಲ್ಲ ಅವಳಿಗೂ ಹೇಳಿದೆ. “ನಾಳೆ ನಾನು ಪರದೆ ಬಿಚ್ಚಲಿಕ್ಕೆ ಶುರು ಮಾಡಿದರೆ ಬೈಯಬೇಡ, ಮುಚ್ಚಿಡಲೂ ಬೇಡ. ಡಾಕ್ಟರಿಗೆ ಫೋನ್ ಮಾಡು. ಮಾತ್ರೆಗೆ ಮಾತ್ರ ಕತ್ತರಿ ಹಾಕಬೇಡ.”

“ಆಯ್ತು. ಮೊಬೈಲಿನಲ್ಲಿ ಸೀರೆ ಆರ್ಡರ್ ಮಾಡಲಿಕ್ಕೆ ಶುರು ಮಾಡಿದರೆ?”

“ಆಗ ಎರಡು ದಿನ ಬಿಟ್ಟು ಫೋನ್ ಮಾಡು.”

ಕವರ್ ಬಿಚ್ಚಿ, ಇಡೀ ಮಾತ್ರೆಯನ್ನು ನೀರಿನೊಂದಿಗೆ ನುಂಗಿದೆ. ಲವೀನಾ ಸೂಜಿಗೆ ನೂಲು ಹಾಕಿಕೊಟ್ಟಳು, ಗುಂಡಿ ನಾನೇ ಹೊಲಿದೆ. ಸ್ವಲ್ಪ ವಾರೆಯಾಗಿದೆ. ಇರಲಿ, ಬಿಚ್ಚುವುದಿಲ್ಲ.