ಮತ್ತಿಯ ಚಿಗುರು ಸವರಿಸಿದವನು

ಧೋಂಡು ಮಾಮಾ, ನಿಮ್ಮ ಎಮ್ಮೆಗಳು ನಮ್ಮ ಸಸಿ ತಿಂದದ್ದನ್ನು ನಾನು ನೋಡಿರಲಿಲ್ಲ. ಊರ ಮುಂದೆ ಹೇಳಿದ್ದು ಸುಳ್ಳು.

ಖಾನಾಪುರದ ಆಚೆ ನಿಮ್ಮೂರಿನ ಗುಡ್ಡ ಬೆಂಕಿಗೆ ಸುಟ್ಟ ಮರುವರ್ಷ, ಅಲ್ಲಿ ಸಸಿ ನೆಡಿಸುವ ಕೆಲಸ ಹೊತ್ತು ಬೆಳಗಾವಿಯ ಒಂದು ಸಂಸ್ಥೆಯಿಂದ ಬಂದವನು ನಾನು — ಸಸ್ಯಶಾಸ್ತ್ರ ಓದಿ ಪದವಿ ಪಡೆದವನು. ಸುಟ್ಟ ಮತ್ತಿ ಮರಗಳ ಬುಡದಿಂದ ಆಗಲೇ ಮೊಳಕಾಲೆತ್ತರ ಚಿಗುರು ಎದ್ದಿತ್ತು. ಸುಮ್ಮನೆ ಬಿಟ್ಟಿದ್ದರೆ ಕಾಡು ತಾನೇ ಮರಳುತ್ತಿತ್ತು. ನನಗೆ ಗೊತ್ತಿತ್ತು. ಆದರೆ ಸಸಿ ನೆಡಲು ದೊಡ್ಡವರು ಬರುವವರಿದ್ದರು, ಫೋಟೋದಲ್ಲಿ ಸಾಲು ನೆಟ್ಟಗೆ ಕಾಣಬೇಕಿತ್ತು — ಚಿಗುರನ್ನೆಲ್ಲ ಕುಡುಗೋಲಿನಿಂದ ಸವರಿಸಿದೆ. ಕಾಡು ಬೆಳೆಸಲು ಕಾಡು ಕಡಿಸಿದೆ! ಕಲ್ಲುನೆಲದ ಆಳವಿಲ್ಲದ ಗುಂಡಿಗಳಲ್ಲಿ ನೆಟ್ಟ ಸಸಿಗಳು ಬೇಸಿಗೆಗೆ ಮೊದಲೇ ಒಣಗಿದವು.

ಯಾರನ್ನಾದರೂ ದೂರಬೇಕಿತ್ತು. ಗುಡಿಯ ಕಟ್ಟೆಗೆ ಊರು ಸೇರಿದಾಗ ಅಂದುಬಿಟ್ಟೆ: “ಧೋಂಡು ಮಾಮಾನ ಎಮ್ಮಿ ತಿಂದಾವ. ನಾ ಕಣ್ಣಾರೆ ನೋಡೇನಿ.”

ನೀವು ನಕ್ಕಿರಿ. “ಗುಡ್ಡದ ತುಂಬ ಮೇದ್ವು ಅಂತೀರಿ ಸಾಹೇಬ್ರ, ಹೆಂಡಿ ಎಲ್ಲೈತ್ರೀ? ನಮ್ಮ ಎಮ್ಮೀನೂ ನಿಮ್ಮಂಗ ಸಾಲಿ ಕಲ್ತು ಶಾಣ್ಯಾ ಆದ್ವೇನು?”

ಎಲ್ಲರೂ ನಕ್ಕರು. ಸೆಗಣಿಯ ಮಾತಿನಲ್ಲಿ ನನ್ನ ಓದು ಸಿಕ್ಕಿಬಿದ್ದಿತ್ತು; ಸಿಟ್ಟಿಗೆದ್ದು ಇನ್ನೂ ಗಟ್ಟಿಯಾಗಿ ಅದನ್ನೇ ಅಂದೆ. ನಗು ನಿಂತಿತು. ಗುಡ್ಡಕ್ಕೆ ನಿಮ್ಮ ಎಮ್ಮೆ ಹೋಗಕೂಡದೆಂದು ತೀರ್ಮಾನವಾಯಿತು. ಮೇವಿಲ್ಲದೆ ಅವನ್ನು ಮಾರಿದಿರಿ. ಈಗ ಹಿಂಡಲಗಾದಲ್ಲಿ, ಬೇರೆಯವರ ಕೊಟ್ಟಿಗೆಯಲ್ಲಿ, ಸೆಗಣಿ ಬಾಚುತ್ತೀರಿ.

ಎಲ್ಲವನ್ನೂ ಸಂಶಯಿಸಲು ಕಲಿತವನು ನಾನು. ನೋಡೇನಿ ಅಂದೆನೋ, ತಿಂದಿರಬೇಕು ಅಂದೆನೋ — ಬೆಳಗಾವಿಯ ರಾಮತೀರ್ಥ ನಗರದ ಮನೆಯಲ್ಲಿ ಕೂತು ವರ್ಷಗಟ್ಟಲೆ ಇದನ್ನೇ ಮೆಲುಕು ಹಾಕಿದೆ. ನೆನಪು ಮಸುಕು ಎನ್ನುವುದು ಎಂಥ ಹೇಸಿಗೆಯ ಆಸರೆ! ಆ ನಗು ನಿಂತ ಬಗೆ ಇನ್ನೂ ಕಿವಿಯಲ್ಲಿದೆ. ‘ಇರಬೇಕು’ ಎಂದಿದ್ದರೆ ನೀವು ಇನ್ನಷ್ಟು ನಗುತ್ತಿದ್ದಿರಿ, ಮಾಮಾ. ನೋಡೇನಿ ಅಂತಲೇ ಅಂದೆ.

ನಾನು ಸವರಿಸಿದ ಅದೇ ಮತ್ತಿಯ ಬುಡಗಳು ಮತ್ತೆ ಚಿಗುರಿ ಇಂದು ಮರವಾಗಿವೆ. ಅವುಗಳ ಮುಂದೆ ನಮ್ಮ ಸಂಸ್ಥೆಯ ಫಲಕ: ನಾವು ಬೆಳೆಸಿದ ಕಾಡು! ಹೋದ ತಿಂಗಳೂ ಅತಿಥಿಗಳಿಗೆ ತೋರಿಸಿ ಚಪ್ಪಾಳೆ ಗಿಟ್ಟಿಸಿದೆ — ಥೂ.

ಕ್ಷಮೆ ಕೇಳುವುದಿಲ್ಲ; ಅದನ್ನು ಕೊಡುವ ಭಾರವನ್ನೂ ನಿಮ್ಮ ಮೇಲೇಕೆ ಹೊರಿಸಲಿ? ಬರುವ ಸೋಮವಾರ ಊರು ಸೇರುತ್ತದೆ. ಅದೇ ಕಟ್ಟೆಯಲ್ಲಿ, ಅಷ್ಟೇ ಗಟ್ಟಿಯಾಗಿ ಹೇಳುತ್ತೇನೆ — ನಾ ನೋಡಿಲ್ಲ. ಯಾರಾದರೂ ಸೆಗಣಿಯ ಮಾತೆತ್ತಿ ನಕ್ಕರೆ, ಈ ಸಲ ನಗಲಿ.